ಇಳಿಜಾರಿನ ಕಾಲುನೋವು: ಕ್ರೇಪ್ ಬ್ಯಾಂಡೇಜೋ, ಬ್ರೇಸೋ, ಮಾತ್ರೆಯೋ, ವ್ಯಾಯಾಮವೋ?

ಕಾಲಿನ ಹರಡು, ಅಂದರೆ ಆ್ಯಂಕಲ್, ನೋಯುತ್ತಿದೆ ಎಂದು ಮೆಡಿಕಲ್ ಅಂಗಡಿಯಲ್ಲಿ ಹೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಮೂರು: ಕ್ರೇಪ್ ಬ್ಯಾಂಡೇಜ್, ಒಂದು ಟ್ಯೂಬ್ ಜೆಲ್, ಒಂದು ಸ್ಟ್ರಿಪ್ ಮಾತ್ರೆ. ಮೂರೂ ತಪ್ಪಲ್ಲ. ಆದರೆ ಮೂರೂ ನೋವು ತಗ್ಗಿಸುತ್ತವೆಯೇ ಹೊರತು ಅದೇ ಕಾಲು ಮುಂದಿನ ವಾರ ಅದೇ ತೋಟದ ಅದೇ ಜಾರುಹಾದಿಯಲ್ಲಿ ಮತ್ತೆ ಹೊರಳದಂತೆ ತಡೆಯುವುದಿಲ್ಲ. ಕೊಡಗಿನಲ್ಲಿ ಸಮತಟ್ಟು ನೆಲ ಸಿಗುವುದು ಗದ್ದೆಯಲ್ಲಿ, ಕಣದಲ್ಲಿ. ಉಳಿದದ್ದೆಲ್ಲ ಏರು, ಇಳಿಜಾರು, ಅಡ್ಡಹಾದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಒದ್ದೆ. ಬೆಂಗಳೂರಿನ ಫುಟ್‌ಪಾತ್ ಮೇಲೆ ನಡೆಯುವವರಿಗೆ ಹೇಳುವ ಸಲಹೆ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ.

ಮೊದಲು ನೋವಿನ ಜಾಗ

ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಆಯ್ಕೆ ಮಾಡಲು ಎರಡು ಕೀಲುಗಳ ವ್ಯತ್ಯಾಸ ತಿಳಿದರೆ ಸಾಕು. ಕಾಲಿನ ಎರಡು ಉದ್ದ ಮೂಳೆಗಳ ತುದಿ ಪಾದದ ಮೇಲ್ಮೂಳೆಯನ್ನು ಕವೆಯಂತೆ ಹಿಡಿದುಕೊಂಡಿರುವುದು ಹರಡಿನ ಕೀಲು. ಅದು ಪಾದವನ್ನು ಮೇಲೆ ಕೆಳಗೆ ಆಡಿಸುತ್ತದೆ. ಅದರ ಕೆಳಗೆ, ಹಿಮ್ಮಡಿ ಮೂಳೆಯ ಮೇಲೆ ಇನ್ನೊಂದು ಕೀಲಿದೆ. ಪಾದ ಒಳಕ್ಕೆ, ಹೊರಕ್ಕೆ ಓರೆಯಾಗುವುದು ಅದರಿಂದ.

ಡಾಂಬರು ರಸ್ತೆಯಲ್ಲಿ ಈ ಎರಡನೆಯದಕ್ಕೆ ಹೆಚ್ಚು ಕೆಲಸವಿಲ್ಲ. ಇಳಿಜಾರಿಗೆ ಅಡ್ಡವಾಗಿ ಗಿಡದ ಸಾಲಿನುದ್ದಕ್ಕೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಅದೇ ದುಡಿಯುತ್ತದೆ. ಕೆಳಬದಿಯ ಪಾದ ಒಳಕ್ಕೆ ಓರೆಯಾಗುತ್ತದೆ, ಮೇಲ್ಬದಿಯದು ಹೊರಕ್ಕೆ. ಕಾಲು ಉಳುಕುವುದು ಹೆಚ್ಚಾಗಿ ಒಳಕ್ಕೆ ಹೊರಳಿ. ಅಂದರೆ ಅಪಾಯವಿರುವುದು ಕೆಳಬದಿಯ ಕಾಲಿಗೆ. ಸಾಲು ಹಿಡಿದು ಯಾವಾಗಲೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವವರಿಗೆ ಒಂದೇ ಕಾಲು ನೋಯುವುದು ಇದೇ ಕಾರಣಕ್ಕೆ. ಒಂದು ಸಾಲು ಹೋಗುತ್ತ, ಮುಂದಿನ ಸಾಲು ಬರುತ್ತ ಮಾಡಿದರೆ ಭಾರ ಎರಡಕ್ಕೂ ಹಂಚಿಹೋಗುತ್ತದೆ. ಖರ್ಚಿಲ್ಲದ ಉಪಾಯ, ಮಾಡುವವರು ಕಡಿಮೆ.

ಪೇಟೆಯಲ್ಲಿ ಏನೂ ಇಲ್ಲ, ತೋಟದಲ್ಲಿ ಮಾತ್ರ ನೋವು ಎಂದರೆ ಓರೆಯಾಗುವ ಆ ಕೀಲನ್ನೋ, ಹರಡಿನ ಹೊರಬದಿಯಲ್ಲಿ ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜನ್ನೋ (ಲಿಗಮೆಂಟ್) ಅನುಮಾನಿಸಬೇಕು. ಏರು ಹತ್ತುವಾಗ ಹರಡಿನ ಮುಂಭಾಗ ಚುಚ್ಚಿದರೆ, ಹಳೆಯ ಉಳುಕುಗಳ ನಂತರ ಕೀಲಿನ ಮುಂದೆ ಬೆಳೆದ ಮೂಳೆಯ ಮೊಳಕೆ ಒತ್ತುತ್ತಿರಬಹುದು. ಏರಿನಲ್ಲೇ ಹಿಮ್ಮಡಿಯ ಹಿಂದೆ ನೋವಾದರೆ ಅದು ಮೀನಖಂಡದಿಂದ ಇಳಿದುಬರುವ ದಪ್ಪ ಸ್ನಾಯುರಜ್ಜು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಡಿ ಮೊಳೆ ಹೊಡೆದಂತಾಗಿ, ಹತ್ತು ಹೆಜ್ಜೆಗೆ ಸಡಿಲವಾದರೆ ನೋಯುತ್ತಿರುವುದು ಅಂಗಾಲಿನ ಪಟ್ಟಿ, ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹಾಯುವ ಗಟ್ಟಿ ನಾರು. ಮೂರನೇ ನಾಲ್ಕನೇ ಬೆರಳಿನ ನಡುವೆ ಉರಿ, ಜೋಮು ಇದ್ದರೆ ಮೊದಲು ಬೂಟಿನ ಮುಂಭಾಗ ಬಿಗಿಯಾಗಿದೆಯೇ ನೋಡಿ. ಅಲ್ಲಿ ನರ ಹಿಂಡಿಹೋಗುತ್ತಿರುತ್ತದೆ. ಕರಿಮೆಣಸು ಕೊಯ್ಯಲು ಏಣಿಯ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ನಿಲ್ಲುವವರಿಗೆ ಅಂಗಾಲಿನ ಕಮಾನಿನ ನಡುವೆ ನೋವು ಬರುವುದು ಸಹಜ. ಮೆತ್ತನೆ ಅಡಿಯ ಬೂಟು ಅಲ್ಲಿ ಉಪಯೋಗಕ್ಕಿಲ್ಲ, ನಡುವೆ ಬಾಗದ ಗಟ್ಟಿ ಅಡಿ ಬೇಕು.

ಈಗಷ್ಟೇ ಹೊರಳಿದ ಕಾಲು: ಎಕ್ಸ್‌ರೇ ಬೇಕೋ ಬೇಡವೋ

ಪ್ರತಿ ಉಳುಕಿಗೂ ಎಕ್ಸ್‌ರೇ ತೆಗೆಸುವುದು ದಂಡ. ತೆಗೆಸಲೇಬೇಕಾದದ್ದನ್ನು ಎಣ್ಣೆ ತಿಕ್ಕಿ ಎರಡು ವಾರ ಕಳೆಯುವುದು ಅದಕ್ಕಿಂತ ದೊಡ್ಡ ದಂಡ. 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ನಿಯಮಗಳು ಇಂದಿಗೂ ಜಗತ್ತಿನ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಬಳಕೆಯಲ್ಲಿವೆ. ಮನೆಯಲ್ಲೂ ಮಾಡಿ ನೋಡಬಹುದು.

ಹರಡಿನ ಎರಡೂ ಬದಿಯಲ್ಲಿ ಎದ್ದು ಕಾಣುವ ಗುಬ್ಬಿಗಳಿವೆಯಲ್ಲ, ಅವುಗಳ ತುದಿಯನ್ನೂ ಅಲ್ಲಿಂದ ಮೇಲಕ್ಕೆ 6 ಸೆಂ.ಮೀ.ವರೆಗಿನ ಹಿಂಬದಿಯ ಅಂಚನ್ನೂ ಹೆಬ್ಬೆರಳಿನಿಂದ ಒತ್ತಿ. ಆಮೇಲೆ ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಮೂಳೆಯ ಬುಡದಲ್ಲಿರುವ ಉಬ್ಬು. ಕೊನೆಗೆ ಒಳಬದಿಯಲ್ಲಿ, ಕಮಾನಿನ ಮೇಲ್ತುದಿಯ ಮೂಳೆ. ಇವುಗಳಲ್ಲಿ ಎಲ್ಲಾದರೂ ಮೂಳೆಯ ಮೇಲೆಯೇ ನೋವಾದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೇ ಮತ್ತು ಈಗ, ಎರಡೂ ಹೊತ್ತು, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಇವೆರಡೂ ಇಲ್ಲದಿದ್ದರೆ ಮುರಿದಿರುವ ಸಂಭವ ತೀರ ಕಡಿಮೆ. ಊತ ಎಷ್ಟಿದೆ ಎನ್ನುವುದು ಅಳತೆಗೋಲಲ್ಲ. ಬದನೆಕಾಯಿ ಬಣ್ಣಕ್ಕೆ ತಿರುಗಿದ ಹರಡಿನಲ್ಲಿ ಮುರಿತವಿಲ್ಲದೇ ಇರಬಹುದು, ಹೆಚ್ಚು ಊದದ ಕಿರುಬೆರಳಿನ ಬುಡದಲ್ಲಿ ಇರಬಹುದು. ತಪ್ಪಿಹೋಗುವ ಮುರಿತಗಳಲ್ಲಿ ಈ ಎರಡನೆಯದು ಸೇರಿದೆ, ಏಕೆಂದರೆ ಎಲ್ಲರ ಕಣ್ಣು ಹರಡಿನ ಮೇಲೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಈ ಪರೀಕ್ಷೆ ಸಲ್ಲದು. ಬೀಳುವಾಗ ಕುಡಿದಿದ್ದವರಿಗೂ ಸಲ್ಲದು. ಮದುವೆಮನೆಯ ರಾತ್ರಿ ಬಿದ್ದ ಕಾಲನ್ನು ಬೆಳಿಗ್ಗೆ ಮತ್ತೊಮ್ಮೆ ಒತ್ತಿ ನೋಡಬೇಕು. ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ಮುಂಗಾಲಿನ ಕೀಲುಗಳು ಜಾರಿರಬಹುದು. ಅದಕ್ಕೆ ಮಲಗಿಸಿ ತೆಗೆದ ಎಕ್ಸ್‌ರೇ ಸಾಲದು, ನಿಂತು ಭಾರ ಹಾಕಿ ತೆಗೆಯಬೇಕು ಎಂದು ಕೇಳಿ.

ಕಾಯದೆ ಹೊರಡಬೇಕಾದವು ಇವು: ಪಾದ ಸೊಟ್ಟಗಾಗಿದ್ದು ಚರ್ಮ ಬಿಳಿಚಿ ಬಿಗಿದಿರುವುದು, ಬೆರಳು ತಣ್ಣಗಾಗಿ ಜೋಮು ಹಿಡಿದಿರುವುದು, ಮೂಳೆ ಹೊರಬಂದ ಗಾಯ. ದಿಂಬಿನಲ್ಲಿ ಕಾಲನ್ನು ಸುತ್ತಿ, ಪಂಚೆಯಿಂದ ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ. ಎಳೆದು ನೇರ ಮಾಡಲು ಹೋಗಬೇಡಿ.

ಹಾಕಿ ಆಡುವವರು ಇನ್ನೊಂದನ್ನು ತಿಳಿದಿರಬೇಕು. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 1997ರಿಂದ ನಡೆದುಬಂದಿದೆ. ವರ್ಷವಿಡೀ ಕೋಲು ಮುಟ್ಟದವರೂ ಕುಟುಂಬದ ಹೆಸರಿಗಾಗಿ ಮೈದಾನಕ್ಕಿಳಿಯುತ್ತಾರೆ. ಓಡುವಾಗ ಹಿಂದಿನಿಂದ ಯಾರೋ ಒದ್ದಂತಾಗಿ ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಆಟಗಾರನನ್ನು ಬೋರಲಾಗಿ ಮಲಗಿಸಿ ಮೀನಖಂಡವನ್ನು ಹಿಂಡಿ. ಪಾದ ತುಸು ಚಾಚಿಕೊಂಡರೆ ಸರಿ. ಅಲ್ಲಾಡದಿದ್ದರೆ ಹಿಮ್ಮಡಿಯ ಸ್ನಾಯುರಜ್ಜು ಹರಿದಿದೆ. ಮೆಲ್ಲಗೆ ನಡೆಯಬಲ್ಲ ಎನ್ನುವ ಕಾರಣಕ್ಕೆ ಇದನ್ನು ಉಳುಕೆಂದು ಬಿಟ್ಟರೆ ತುದಿಗಳು ದೂರ ಸರಿದು ಗುಣವಾಗುವುದು ಕಷ್ಟ. ಅಂದೋ ಮರುದಿನವೋ ಮೂಳೆ ವೈದ್ಯರ ಬಳಿ ಹೋಗಬೇಕು.

ನಾಟಿ ವೈದ್ಯರ ಕಟ್ಟೋ ಆಸ್ಪತ್ರೆಯೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಒಂದೇ: ಮೇಲಿನ ಪರೀಕ್ಷೆಯಲ್ಲಿ ಎಕ್ಸ್‌ರೇ ಬೇಕೆಂದು ಬಂದರೆ ಮೊದಲು ಎಕ್ಸ್‌ರೇ. ಬರಿಯ ಉಳುಕಾಗಿದ್ದರೆ ಸಡಿಲವಾದ ಕಟ್ಟಿನಿಂದ ಹಾನಿಯಿಲ್ಲ. ತೊಂದರೆ ಕೊಡುವವು ಎರಡು: ಮೊದಲ ಎರಡು ಮೂರು ದಿನ ಬಲವಾಗಿ ತಿಕ್ಕುವುದು, ಅದರಿಂದ ರಕ್ತಸ್ರಾವ ಹೆಚ್ಚುತ್ತದೆ. ಮತ್ತೆ, ಬಿದಿರ ಸೀಳಿಟ್ಟು ಬಿಗಿಯಾಗಿ ಕಟ್ಟುವುದು. ಒಳಗೆ ಊತ ಏರಿದಾಗ ಕಟ್ಟು ಸಡಿಲವಾಗದೆ ರಕ್ತ ಓಡಾಟ ನಿಲ್ಲುತ್ತದೆ. ಬೆರಳಿನ ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಯಾರು ಕಟ್ಟಿದ್ದಾದರೂ ಬಿಚ್ಚಿ.

ಐಸೋ ಬಿಸಿಯೋ, ಮಲಗುವುದೋ ನಡೆಯುವುದೋ

ಹೊಸ ಉಳುಕಿಗೆ ಐಸ್: ಬಟ್ಟೆಯಲ್ಲಿ ಸುತ್ತಿ, 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ, ಎರಡು ಮೂರು ದಿನ. ಅದು ನೋವಿಗೆ ಮದ್ದು, ಹರಿದದ್ದನ್ನು ಬೇಗ ಬೆಸೆಯುವುದಿಲ್ಲ. ಆದ್ದರಿಂದ ಕರೆಂಟಿಲ್ಲದ ಮಳೆಗಾಲದ ವಾರದಲ್ಲಿ ಐಸ್ ಸಿಗದಿದ್ದರೆ ಚಿಂತೆಯಿಲ್ಲ, ಬಾವಿಯ ತಣ್ಣೀರಲ್ಲಿ ಅದ್ದಿದ ಬಟ್ಟೆ ಸಾಕು. ಬಿಸಿ ನೀರು ಹಳೆಯ ಬಿಗಿತಕ್ಕೆ. ಕೆಂಪಗೆ ಕಾದ ಕೀಲಿಗೆ ಬಿಸಿ ಬೇಡವೇ ಬೇಡ. ಸ್ಪರ್ಶ ಕುಂದಿದ ಪಾದವನ್ನು ಒಲೆಯ ಮುಂದೆ ಚಾಚಿ ಕೂರುವುದರಿಂದ ಸುಟ್ಟ ಗಾಯಗಳಾಗುತ್ತವೆ. ಸುಟ್ಟದ್ದು ತಿಳಿಯುವುದು ಮಾರನೇ ದಿನ ಗುಳ್ಳೆ ಕಂಡಾಗ.

ವಿಶ್ರಾಂತಿ ಒಂದೆರಡು ದಿನ ಸಾಕು. ಆಮೇಲೆ ಸಮತಟ್ಟು ನೆಲದಲ್ಲಿ, ನೋವು ಸಹಿಸುವಷ್ಟು ಭಾರ ಹಾಕಿ ನಡೆಯಬೇಕು. ಊರುಗೋಲು ನೋವಿಲ್ಲದ ಬದಿಯ ಕೈಯಲ್ಲಿರಲಿ. ನೋವಿರುವ ಬದಿಗೇ ಊರುವುದು ಎಲ್ಲರೂ ಮಾಡುವ ತಪ್ಪು. ಕುಳಿತಾಗ ಹಿಮ್ಮಡಿ ಸೊಂಟಕ್ಕಿಂತ ಮೇಲಿರಲಿ. ತೋಟಕ್ಕೆ ಮರಳಲು ದಿನ ಎಣಿಸಬೇಡಿ, ಮೂರು ಕೆಲಸ ಮಾಡಿ ನೋಡಿ: ಆ ಒಂದೇ ಕಾಲಿನ ಮೇಲೆ 30 ಸೆಕೆಂಡ್ ನಿಲ್ಲುವುದು, ಅದೇ ಕಾಲಿನ ಹಿಮ್ಮಡಿ ಎತ್ತಿ ಬೆರಳ ಮೇಲೆ ಏರುವುದು, ಮೆಟ್ಟಿಲನ್ನು ಕುಂಟದೆ ಇಳಿಯುವುದು. ಹತ್ತುವುದು ಸಲೀಸಾಗಿದೆ ಎಂದು ಹೊರಟರೆ ಮೋಸಹೋಗುತ್ತೀರಿ. ಕಾಲು ಕೈಕೊಡುವುದು ಇಳಿಯುವಾಗ.

ಕಟ್ಟುವ ನಾಲ್ಕು ಬಗೆ

ಕ್ರೇಪ್ ಬ್ಯಾಂಡೇಜ್ ಅಗ್ಗ. ಹರಡಿಗೆ 10 ಸೆಂ.ಮೀ. ಅಗಲದ್ದು ಸರಿ. ಪಾದ ಕಾಲಿಗೆ ಲಂಬವಾಗಿರಲಿ. ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿಯ ಸುತ್ತ ಎಂಟರ ಆಕಾರದಲ್ಲಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಮೇಲಕ್ಕೆ ಹೋಗಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಊತ ಬೆರಳಿಗಿಳಿಯುತ್ತದೆ. ರಾತ್ರಿ ಬಿಚ್ಚಿ. ಇದು ಊತವನ್ನು ಹಿಡಿದಿಡುತ್ತದೆ, ಕಾಲು ಹೊರಳುವುದನ್ನು ತಡೆಯುವುದಿಲ್ಲ. ಅರ್ಧ ಗಂಟೆ ನಡೆಯುವಷ್ಟರಲ್ಲಿ ಸಡಿಲವಾಗಿರುತ್ತದೆ.

ಕಾಲುಚೀಲದಂತೆ ಏರಿಸುವ ಎಲಾಸ್ಟಿಕ್ ಆ್ಯಂಕಲ್ ಬೈಂಡರ್ ಸಲೀಸು, ಬೆಚ್ಚಗಿರುತ್ತದೆ, ಆಸರೆ ಕ್ರೇಪ್‌ನಷ್ಟೇ. ಗಂಬೂಟಿನೊಳಗೆ ಒದ್ದೆಯಾದ ಬೈಂಡರನ್ನು ದಿನವಿಡೀ ಹಾಕಿಕೊಂಡರೆ ಚರ್ಮ ಬೆಂದು ಬೆರಳ ಸಂದು ಕೊಳೆಯುತ್ತದೆ. ಎರಡು ತಗೊಂಡು ಮಧ್ಯಾಹ್ನ ಬದಲಿಸಿ.

ನಿಜವಾದ ಆಸರೆ ಸಿಗುವುದು ಲೇಸು ಅಥವಾ ಅಡ್ಡಪಟ್ಟಿಯಿರುವ ಬ್ರೇಸಿನಿಂದ. ಎರಡು ಬದಿಯಲ್ಲಿ ಗಟ್ಟಿ ಪಟ್ಟಿಗಳಿರುತ್ತವೆ, ಪಾದ ಮೇಲೆ ಕೆಳಗೆ ಆಡುತ್ತದೆ, ಓರೆಯಾಗುವುದಿಲ್ಲ. ಬೆಲೆ ಹೆಚ್ಚು. ಆದರೂ ಎರಡನೇ ಸಲ ಉಳುಕಿದವರು ಇಳಿಜಾರಿನಲ್ಲಿ ಕೆಲಸ ಮಾಡುವುದಿದ್ದರೆ ದುಡ್ಡು ಹಾಕಬೇಕಾದದ್ದು ಇಲ್ಲಿಯೇ. ಆರು ವಾರ ಓಡಾಡುವಾಗೆಲ್ಲ ಹಾಕಿಕೊಳ್ಳಿ. ಹಾಕಿ ಆಡುವವರು ಆಟದ ಹೊತ್ತಿಗೆ ಒಂದು ವರ್ಷ ಬಿಡಬೇಡಿ. ಒಂದೇ ತೊಡಕು, ಸಾಮಾನ್ಯ ಅಳತೆಯ ಗಂಬೂಟಿನೊಳಗೆ ಇದು ಹೋಗುವುದಿಲ್ಲ. ಬ್ರೇಸ್ ಹಾಕಿಕೊಂಡೇ ಅಂಗಡಿಗೆ ಹೋಗಿ, ಒಂದು ಸೈಜು ದೊಡ್ಡ ಬೂಟು ಹಾಕಿ ನೋಡಿ.

ಪ್ಲಾಸ್ಟರ್ ಮುರಿತಕ್ಕೆ. ತೀವ್ರ ಉಳುಕಿನಲ್ಲಿ, ಕಾಲೂರಲೇ ಆಗದಿದ್ದಾಗ, ಮೊಣಕಾಲ ಕೆಳಗಿನ ಪ್ಲಾಸ್ಟರ್ 10 ದಿನ ಹಾಕಿದರೆ ಬರಿಯ ಎಲಾಸ್ಟಿಕ್ ಕಟ್ಟಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ. ಉಳುಕಿಗೆಂದು ಆರು ವಾರ ಹಾಕಿಸಿಕೊಂಡರೆ ಮೀನಖಂಡ ಸೊರಗುತ್ತದೆ, ಕೀಲು ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಮಳೆಗಾಲದಲ್ಲಿ ಬಿಳಿ ಪಿಒಪಿ ನೆನೆದರೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಫೈಬರ್ ಪ್ಲಾಸ್ಟರ್ ಹೊರಗೆ ನೆನೆಯುವುದಿಲ್ಲ, ಒಳಗಿನ ಹತ್ತಿ ನೆನೆಯುತ್ತದೆ, ಒಣಗುವುದಿಲ್ಲ. ಯಾವುದಾದರೂ ಪ್ಲಾಸ್ಟಿಕ್ ಚೀಲ ತಪ್ಪಿದ್ದಲ್ಲ. ಪ್ಲಾಸ್ಟರಿನೊಳಗೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ ಅಥವಾ ಮೀನಖಂಡ ಊದಿ ಬಿಗಿದರೆ ರಾತ್ರಿಯಾದರೂ ಹೋಗಿ ಬಿಚ್ಚಿಸಿ.

ಗಂಬೂಟು, ಶೂ, ಎಂಸಿಆರ್ ಚಪ್ಪಲಿ

ಗಂಬೂಟು ಬೇಡ ಎಂದು ಹೇಳುವುದು ಸುಲಭ. ಜಿಗಣೆ, ಹಾವು, ಕೆಸರು ಇರುವ ತೋಟದಲ್ಲಿ ಅದನ್ನು ಬಿಡಲಾಗದು. ಆದ್ದರಿಂದ ಅದರ ಕೊರತೆ ತಿಳಿದು ತಿದ್ದಿಕೊಳ್ಳಬೇಕು. ಗಂಬೂಟಿನಲ್ಲಿ ಲೇಸಿಲ್ಲ, ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಗೋಡೆಗೆ ಬಡಿಯುತ್ತದೆ, ಏರುವಾಗ ಹಿಮ್ಮಡಿ ಮೇಲೇಳುತ್ತದೆ. ಬೂಟು ಕಾಲಿಂದ ಕಳಚದಿರಲೆಂದು ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಸಂಜೆಗೆ ಅಂಗಾಲು ನೋಯುವುದು ಅದಕ್ಕೆ. ಉದ್ದ ಕೊಳವೆ ಇರುವುದರಿಂದ ಹರಡಿಗೆ ಆಸರೆ ಇದೆ ಎನಿಸುತ್ತದೆ, ಇಲ್ಲ.

ತೆಗೆದು ಒಣಗಿಸಬಹುದಾದ ದಪ್ಪ ಇನ್‌ಸೋಲ್ ಹಾಕಿದರೆ ಸಡಿಲ ಕಡಿಮೆಯಾಗುತ್ತದೆ. ಹಿಮ್ಮಡಿನೋವಿದ್ದರೆ ಅದರ ಮೇಲೆ ಸಿಲಿಕೋನ್ ಹೀಲ್ ಕಪ್, ಎರಡೂ ಕಾಲಿಗೆ. ಒಂದಕ್ಕೇ ಹಾಕಿದರೆ ಸೊಂಟ ಓರೆಯಾಗುತ್ತದೆ. ಮೊಣಕಾಲವರೆಗಿನ ದಪ್ಪ ಕಾಲುಚೀಲ ಎರಡು ಜೊತೆ ಒಯ್ಯಿರಿ. ರಾತ್ರಿ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ಬೆಚ್ಚನೆಯ ಜಾಗದಲ್ಲಿಡಿ, ಒಲೆಯ ಮೇಲೆ ನೇತುಹಾಕಿದರೆ ರಬ್ಬರ್ ಬಿರಿಯುತ್ತದೆ. ಅಡಿಯ ಗೀರು ಸವೆದ ಬೂಟನ್ನು ತೂತು ಬೀಳುವವರೆಗೆ ಬಳಸುವುದು ಉಳಿತಾಯವಲ್ಲ.

ಒಣ ತಿಂಗಳುಗಳಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ, ಲೇಸಿರುವ ಗಿಡ್ಡ ಬೂಟು ಉತ್ತಮ. ಅಂಗಡಿಯಲ್ಲಿ ಮೂರು ಪರೀಕ್ಷೆ ಸಾಕು: ಮುಂದೆ ಒತ್ತಿದರೆ ಬೆರಳ ಬುಡದಲ್ಲಿ ಮಾತ್ರ ಬಾಗಬೇಕು, ನಡುವಲ್ಲಿ ಬಾಗಬಾರದು, ಬಟ್ಟೆಯಂತೆ ಹಿಂಡಿದರೆ ಸುಲಭವಾಗಿ ತಿರುಚಬಾರದು, ಹಿಮ್ಮಡಿಯ ಹಿಂಭಾಗ ಹೆಬ್ಬೆರಳ ಒತ್ತಿಗೆ ಕುಸಿಯಬಾರದು. ಸಂಜೆ ಕೊಳ್ಳಿ, ಅಷ್ಟೊತ್ತಿಗೆ ಪಾದ ಊದಿರುತ್ತದೆ. ನಿಂತಾಗ ಉದ್ದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗವಿರಲಿ.

ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಜಾಗ ಮನೆಯೊಳಗೆ. ಹಿಮ್ಮಡಿನೋವಿಗೆ, ಸ್ಪರ್ಶ ಕುಂದಿದ ಪಾದಕ್ಕೆ ಅದರ ಮೆತ್ತನೆಯ ಅಡಿ ಹಿತ. ಸಿಮೆಂಟ್ ಕಣದಲ್ಲಿ ಕಾಫಿ ಹರಡುವಾಗ ಬರಿಗಾಲಿಗಿಂತ ಇದು ಎಷ್ಟೋ ವಾಸಿ. ಪಾಚಿ ಹಿಡಿದ ಕಲ್ಲಿನ ಮೇಲೆ ಮಾತ್ರ ನಂಬಬೇಡಿ. ಹಿಂದೆ ಪಟ್ಟಿಯಿರುವುದನ್ನೇ ಆರಿಸಿ. ಅಳತೆ ಕೊಟ್ಟು ಮಾಡಿಸುವ ಇನ್‌ಸೋಲಿಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಸಾಮಾನ್ಯ ಹಿಮ್ಮಡಿನೋವಿಗೆ ಸಿದ್ಧ ಇನ್‌ಸೋಲ್ ಅಷ್ಟೇ ಕೆಲಸ ಮಾಡುತ್ತದೆ.

ಜೆಲ್ ಮತ್ತು ಮಾತ್ರೆ

ಉಳುಕಿಗೆ ನಮ್ಮ ಮೊದಲ ಆಯ್ಕೆ ಡೈಕ್ಲೋಫೆನಾಕ್ ಜೆಲ್. ಹರಡು ಚರ್ಮದಡಿಯೇ ಇರುವ ಕೀಲಾದ್ದರಿಂದ ಮದ್ದು ತಲುಪುತ್ತದೆ, ಹೊಟ್ಟೆ ಕೆಡುವುದಿಲ್ಲ. ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ ಮೂರು ನಾಲ್ಕು ಸಲ. ಬಟಾಣಿಯಷ್ಟು ಹಚ್ಚಿ ಗುಣ ಕಾಣಲಿಲ್ಲ ಎನ್ನುವವರೇ ಹೆಚ್ಚು. ಹಚ್ಚಿದ ಮೇಲೆ ಬಿಗಿಯಾಗಿ ಮುಚ್ಚಬೇಡಿ, ಬಿಸಿ ಕೊಡಬೇಡಿ. ಜಿಗಣೆ ಕಚ್ಚಿದ ತೆರೆದ ಗಾಯಗಳ ಮೇಲೆ ಬೇಡ.

ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಮೊದಲು: 500ರಿಂದ 1000 ಮಿ.ಗ್ರಾಂ, ಆರು ಗಂಟೆಗೊಮ್ಮೆ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರದಂತೆ. ದಿನಾ ಕುಡಿಯುವವರು, 50 ಕಿಲೋಗಿಂತ ಕಡಿಮೆ ತೂಗುವವರು 2 ಗ್ರಾಂಗೆ ನಿಲ್ಲಿಸಬೇಕು. ಅಂಗಡಿಯಲ್ಲಿ ಕೊಡುವ ಅಸಿಕ್ಲೋಫೆನಾಕ್ ಜೋಡಿ ಮಾತ್ರೆಯಲ್ಲಿ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ. ಅದರ ಮೇಲೆ ಜ್ವರದ ಮಾತ್ರೆಯನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ.

ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಬಲವಾದವು. ಊಟದ ನಂತರ, ಕೆಲವೇ ದಿನ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಹೃದಯದ ಕಾಯಿಲೆ, ರಕ್ತ ತೆಳುವಾಗಿಸುವ ಔಷಧ, ಗರ್ಭ, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕೇಳದೆ ಬೇಡ. ಕೊಯ್ಲಿನ ಎರಡು ಮೂರು ತಿಂಗಳು ಬೆಳಿಗ್ಗೆ ಒಂದು ನುಂಗಿಯೇ ತೋಟಕ್ಕಿಳಿಯುವ ಅಭ್ಯಾಸ ಕಿಡ್ನಿಗೆ ಕೆಟ್ಟದ್ದು. ನೀರು ಕಡಿಮೆ ಕುಡಿದು ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಕೆಟ್ಟದ್ದು.

ಜ್ವರದೊಂದಿಗೆ ಎರಡೂ ಹರಡು ಊದಿ ನಡೆಯಲಾಗದಿದ್ದರೆ ಚಿಕೂನ್‌ಗುನ್ಯಾ ಇರಬಹುದು. ಡೆಂಗಿ ಅಲ್ಲವೆಂದು ರಕ್ತಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಗದ್ದೆಯ ನೀರಲ್ಲಿ ನಾಟಿ ಮಾಡಿದವರಿಗೆ ಜ್ವರ, ಕೆಂಗಣ್ಣು, ಮೀನಖಂಡದಲ್ಲಿ ತಡೆಯಲಾಗದ ನೋವು ಒಟ್ಟಿಗೆ ಬಂದರೆ ಅದು ಕೆಲಸದ ಆಯಾಸವಲ್ಲ, ಇಲಿಜ್ವರವಿರಬಹುದು. ಎಣ್ಣೆ ಹಚ್ಚುತ್ತ ಕೂರಬೇಡಿ.

ಬೀಳದೆ ಬಂದ ನೋವು: ಗೌಟ್, ಸಂಧಿವಾತ, ಸವೆತ

ರಾತ್ರಿ ಮಲಗುವಾಗ ಏನೂ ಇಲ್ಲ, ನಸುಕಿಗೆ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋಗುವ ನೋವು: ಇದು ಗೌಟ್. ಹರಡಿಗೂ ಬರುತ್ತದೆ, ಆಗ ಉಳುಕೆಂದೇ ತಿಳಿಯುತ್ತಾರೆ. ಯೂರಿಕ್ ಆಮ್ಲ ರಕ್ತದಲ್ಲಿ ಹೆಚ್ಚಿ ಕೀಲಿನಲ್ಲಿ ಹರಳುಗಟ್ಟುವುದು ಕಾರಣ. ನೋವಿನ ದಿನವೇ ರಕ್ತ ಕೊಟ್ಟರೆ ಅಂಕಿ ಸರಿಯಾಗಿಯೇ ಕಾಣಬಹುದು. ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು.

ಇಲ್ಲಿ ಎರಡು ಬಗೆಯ ಔಷಧವನ್ನು ಗೊಂದಲ ಮಾಡಿಕೊಳ್ಳುವುದರಿಂದಲೇ ಚಿಕಿತ್ಸೆ ಕೆಡುವುದು. ದಾಳಿಯನ್ನು ತಗ್ಗಿಸುವವು ಕಾಲ್ಚಿಸಿನ್, ನೋವಿನ ಮಾತ್ರೆ, ಸ್ಟೀರಾಯ್ಡ್. ಕಾಲ್ಚಿಸಿನ್ ಮೊದಲ 12 ಗಂಟೆಯಲ್ಲಿ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚಾದರೆ ಭೇದಿ, ಕಿಡ್ನಿ ಕುಂದಿದವರಿಗೆ ಅಪಾಯ. ಮತ್ತೆ ಬಾರದಂತೆ ತಡೆಯುವುದು ಅಲೋಪ್ಯುರಿನಾಲ್‌ನಂಥ ದಿನನಿತ್ಯದ ಮಾತ್ರೆ. ಸಾಮಾನ್ಯವಾಗಿ 100 ಮಿ.ಗ್ರಾಂನಿಂದ ಶುರುವಾಗಿ, ಯೂರಿಕ್ ಆಮ್ಲ 6ಕ್ಕಿಂತ ಕೆಳಗಿಳಿಯುವವರೆಗೆ ವೈದ್ಯರು ಏರಿಸುತ್ತ ಹೋಗುತ್ತಾರೆ. ಮೊದಲ ತಿಂಗಳುಗಳಲ್ಲಿ ಹಳೆಯ ಹರಳು ಕರಗುವಾಗ ದಾಳಿ ಹೆಚ್ಚಬಹುದು. ಮಾತ್ರೆಯಿಂದಲೇ ನೋವು ಬಂತು ಎಂದು ಹೆಚ್ಚಿನವರು ಬಿಡುವುದು ಆಗಲೇ, ಬಿಡಬಾರದ್ದೂ ಆಗಲೇ. ಬಿಡಬೇಕಾದದ್ದು ಮೈಮೇಲೆ ದದ್ದು ಎದ್ದರೆ: ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಹಂದಿಮಾಂಸದ ಪಂದಿಕರಿಯ ಮಾತಿಗೆ ಬಂದರೆ, ಅದಕ್ಕೆ ಹಾಕುವ ಕಾಚಂಪುಳಿಯ ಹುಳಿಯದೇನೂ ತಪ್ಪಿಲ್ಲ. ಮಾಂಸದ ಪ್ರಮಾಣ, ಅದರಲ್ಲೂ ಈಲಿ ಮತ್ತು ಒಳಾಂಗಗಳು, ಜೊತೆಗಿನ ಬಿಯರ್, ಇವು ಯೂರಿಕ್ ಆಮ್ಲ ಏರಿಸುತ್ತವೆ. ಪುತ್ತರಿಯ ಮರುದಿನ ಹೆಬ್ಬೆರಳು ಹಿಡಿದರೆ ಆಶ್ಚರ್ಯವಿಲ್ಲ. ಹಾಗೆಂದು ಪಥ್ಯ ಒಂದರಿಂದಲೇ ಅಂಕಿ ಸಾಕಷ್ಟು ಇಳಿಯುವುದೂ ಇಲ್ಲ. ಕಾಫಿಯನ್ನು ಬಿಡಬೇಕಿಲ್ಲ, ಕಾಫಿ ಕುಡಿಯುವವರಲ್ಲಿ ಗೌಟ್ ತುಸು ಕಡಿಮೆ ಎಂದೇ ಅಧ್ಯಯನಗಳಲ್ಲಿ ಕಂಡಿದೆ. ಕೊಡಗಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ! ಒಂದೇ ಕೀಲು ಕೆಂಪಾಗಿ ಜೊತೆಗೆ ಚಳಿಜ್ವರವಿದ್ದರೆ ಮಾತ್ರ ಗೌಟ್ ಎಂದು ಸುಮ್ಮನಾಗಬೇಡಿ. ಕೀಲಿನೊಳಗೆ ಕೀವಾಗಿರಬಹುದು, ಅಂದೇ ಸೂಜಿಹಾಕಿ ನೀರು ತೆಗೆದು ನೋಡಬೇಕು.

ಎರಡೂ ಪಾದಗಳ ಬೆರಳ ಬುಡ ನೋಯುತ್ತ, ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿ, ಕೈಬೆರಳೂ ಊದುತ್ತಿದ್ದರೆ ಆಮವಾತ (ರುಮಟಾಯ್ಡ್ ಸಂಧಿವಾತ). ಇದರಲ್ಲಿ ನೋವಿನ ಮಾತ್ರೆಯಿಂದ ಕಾಲ ತಳ್ಳುವುದು ದುಬಾರಿ ಆಯ್ಕೆ, ಮೊದಲ ತಿಂಗಳುಗಳಲ್ಲೇ ಕೀಲು ಕೊರೆದುಹೋಗುತ್ತದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಸಂಧಿವಾತ ತಜ್ಞರನ್ನು ಒಮ್ಮೆ ಕಂಡು, ಮುಂದಿನ ರಕ್ತಪರೀಕ್ಷೆಗಳನ್ನು ಹತ್ತಿರದಲ್ಲೇ ಮಾಡಿಸಬಹುದು. ಅವರು ಬರೆಯುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ವಾರದ ಹೆಸರನ್ನು ಸ್ಟ್ರಿಪ್ ಮೇಲೆ ದೊಡ್ಡದಾಗಿ ಬರೆದಿಡಿ.

ಹರಡಿನ ಸವೆತ ಮೊಣಕಾಲಿನದರಂತೆ ವಯಸ್ಸಿನಿಂದಲೇ ಬರುವುದಲ್ಲ, ಬಹುಪಾಲು ಹಳೆಯ ಮುರಿತ, ಪದೇ ಪದೇ ಆದ ಉಳುಕಿನ ಫಲ. ಮಂಡಿನೋವಿನ ಸಲಹೆಗಳನ್ನೇ ಇದಕ್ಕೂ ಹಚ್ಚಲಾಗದು.

ಸಕ್ಕರೆ ಕಾಯಿಲೆ ಇರುವವರ ಪಾದ ಒಂದೇ ಬದಿ ಊದಿ, ಬಿಸಿಯಾಗಿ, ಅಷ್ಟಾಗಿ ನೋಯದಿದ್ದರೆ ಮೇಲಿನ ಯಾವ ಆಯ್ಕೆಯೂ ಬೇಡ. ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ಕಾಲೂರುವುದನ್ನು ನಿಲ್ಲಿಸಿ ತಾಲೂಕು ಆಸ್ಪತ್ರೆಗೋ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗಿ. ತಿಕ್ಕುವುದು, ಕಾಯಿಸುವುದು, ವ್ಯಾಯಾಮ ಎಲ್ಲವೂ ಹಾನಿ.

ವ್ಯಾಯಾಮವೋ ಇಂಜೆಕ್ಷನ್ನೋ

ಪದೇ ಪದೇ ಹೊರಳುವ ಕಾಲಿಗೆ ಬ್ರೇಸಿನ ಜೊತೆ ಸಮತೋಲನದ ಅಭ್ಯಾಸ. ಅಸ್ಥಿರಜ್ಜು ಹರಿದಾಗ ಅದರೊಳಗಿನ, ಪಾದ ಎಷ್ಟು ಓರೆಯಾಗಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳೂ ಹಾಳಾಗುತ್ತವೆ. ಮಾತ್ರೆ ಅದನ್ನು ಮರಳಿಸದು. ಜಗಲಿಯ ಕಂಬ ಹಿಡಿದು ಒಂದು ಕಾಲಿನ ಮೇಲೆ 30 ಸೆಕೆಂಡ್, ಮೂರು ಸಲ. ಮುಂದಿನ ವಾರ ಕಂಬ ಬಿಟ್ಟು. ಆಮೇಲೆ ಕಣ್ಣು ಮುಚ್ಚಿ. ಆಮೇಲೆ ಮಡಚಿದ ಕಂಬಳಿಯ ಮೇಲೆ. ದಿನಾ ಹತ್ತು ನಿಮಿಷ, ಆರರಿಂದ ಎಂಟು ವಾರ. ನೋವು ಹೋಯಿತೆಂದು ಎರಡನೇ ವಾರಕ್ಕೆ ಬಿಟ್ಟವರ ಕಾಲು ಮುಂದಿನ ಮಳೆಗಾಲಕ್ಕೆ ಮತ್ತೆ ಹೊರಳುತ್ತದೆ.

ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೆ: ಮೆಟ್ಟಿಲ ಅಂಚಿನಲ್ಲಿ ಮುಂಗಾಲಿಟ್ಟು ಎರಡೂ ಕಾಲಿನಿಂದ ಮೇಲೇರಿ, ನೋವಿರುವ ಒಂದೇ ಕಾಲಿನಿಂದ ನಿಧಾನ ಕೆಳಗಿಳಿಯುವುದು. 15 ಸಲದ ಮೂರು ಸುತ್ತು ಮಂಡಿ ನೇರವಾಗಿಟ್ಟು, ಮೂರು ಸುತ್ತು ತುಸು ಬಾಗಿಸಿ, ದಿನಕ್ಕೆರಡು ಹೊತ್ತು, 12 ವಾರ. ನೋವು ಹಿಮ್ಮಡಿ ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಮೆಟ್ಟಿಲಿನಿಂದ ಕೆಳಗಿಳಿಯಬೇಡಿ, ನೆಲಮಟ್ಟಕ್ಕೇ ನಿಲ್ಲಿಸಿ. ಮಾಡುವಾಗ ಅಲ್ಪ ನೋವು ಸರಿ, ಮಾರನೇ ಬೆಳಿಗ್ಗೆ ಹೆಚ್ಚಿದ್ದರೆ ಎಣಿಕೆ ತಗ್ಗಿಸಿ. ಸಿಪ್ರೊಫ್ಲಾಕ್ಸಸಿನ್ ಬಗೆಯ ಆ್ಯಂಟಿಬಯಾಟಿಕ್‌ಗಳು ಈ ರಜ್ಜನ್ನು ದುರ್ಬಲಗೊಳಿಸಬಹುದು. ತೆಗೆದುಕೊಳ್ಳುವಾಗ ಹಿಮ್ಮಡಿ ನೋಯತೊಡಗಿದರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ಅಂಗಾಲಿನ ಪಟ್ಟಿಗೆ: ಸುರುಳಿ ಸುತ್ತಿದ ಟವೆಲನ್ನು ಬೆರಳಡಿ ಇಟ್ಟು, ಮೂರು ಸೆಕೆಂಡಿನಲ್ಲಿ ಏರಿ, ಎರಡು ನಿಂತು, ಮೂರರಲ್ಲಿ ಇಳಿಯುವುದು, 12 ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಹಾಸಿಗೆಯಿಂದ ಇಳಿಯುವ ಮುಂಚೆ ಬೆರಳುಗಳನ್ನು ಕೈಯಲ್ಲಿ ಹಿಂದಕ್ಕೆಳೆದು ಹತ್ತು ಎಣಿಸುವುದು, ಹತ್ತು ಸಲ. ಗುಣ ಕಾಣಲು ತಿಂಗಳುಗಳು ಬೇಕು.

ಸ್ಟೀರಾಯ್ಡ್ ಇಂಜೆಕ್ಷನ್ ಒಂದೆರಡು ವಾರದಲ್ಲೇ ಸುಖ ಕೊಡುತ್ತದೆ, ಕೆಲವೇ ವಾರ ನಿಲ್ಲುತ್ತದೆ. ಹಿಮ್ಮಡಿಯಡಿ ಮತ್ತೆ ಮತ್ತೆ ಹಾಕಿಸಿದರೆ ಅಲ್ಲಿನ ಕೊಬ್ಬಿನ ಮೆತ್ತೆ ಕರಗುತ್ತದೆ, ಪಟ್ಟಿ ಹರಿಯಲೂಬಹುದು. ಹಿಂಬದಿಯ ರಜ್ಜಿನೊಳಗೆ ಯಾರು ಹೇಳಿದರೂ ಬೇಡ. ಆಮವಾತದ ಊದಿದ ಕೀಲಿಗೆ, ಗೌಟ್ ದಾಳಿಗೆ ಅದು ಒಳ್ಳೆಯ ಆಯ್ಕೆಯೇ. ಸ್ವಂತ ರಕ್ತದಿಂದ ಮಾಡುವ ಪಿಆರ್‌ಪಿ ಬಗ್ಗೆ ಈಗ ಜಾಹೀರಾತು ಜೋರಾಗಿದೆ. ಹರಡಿನ ಸವೆತದಲ್ಲಿ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2021ರ ಪ್ರಯೋಗದಲ್ಲಿ ಕಂಡಿತು. ಆ ದುಡ್ಡಿಗೆ ಬ್ರೇಸೂ ಒಳ್ಳೆಯ ಬೂಟೂ ಬಂದು, ಫಿಸಿಯೋಥೆರಪಿಸ್ಟರ ಹತ್ತಿರ ನಾಲ್ಕು ಸಲ ಹೋಗಿಬರಬಹುದು.

ಕೊನೆಯ ಆಯ್ಕೆ

ಹರಡು ಪೂರ್ತಿ ಸವೆದು, ರಾತ್ರಿಯೂ ನೋಯುತ್ತ, ಬ್ರೇಸಿಗೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಕೀಲನ್ನು ಬೆಸೆದುಬಿಟ್ಟರೆ ನೋವು ಹೋಗುತ್ತದೆ, ಮೇಲೆ ಕೆಳಗಿನ ಚಲನೆಯೂ ಹೋಗುತ್ತದೆ. ಭಾರದ ಕೆಲಸಕ್ಕೆ ಬಾಳಿಕೆ ಬರುತ್ತದೆ, ಆದರೆ ಓರೆಯಾಗುವ ಕೆಳಗಿನ ಕೀಲು ಎರಡರ ಕೆಲಸ ಹೊತ್ತು ಮುಂದೆ ಅದೂ ಸವೆಯಬಹುದು. ಕೃತಕ ಕೀಲು ಚಲನೆ ಉಳಿಸುತ್ತದೆ. ಭಾರ ಹೊರದ, ಮನೆ ಮತ್ತು ಪೇಟೆಯಲ್ಲಿ ಓಡಾಡುವ ಅರವತ್ತು ದಾಟಿದವರಿಗೆ ಅದು ಹಿತ; ಗೊಬ್ಬರದ ಮೂಟೆ ಹೊತ್ತು ಇಳಿಜಾರು ಹತ್ತುವವರಿಗೆ ಬೇಗ ಸಡಿಲವಾಗುವ ಭಯವಿದೆ. ಕೆಳಗಿನ ಕೀಲು ಆಗಲೇ ಸವೆದಿದ್ದರೆ ಬೆಸೆಯುವುದರ ಲಾಭ ಕಡಿಮೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಮಾಡಿಸುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆದೇ ಘಟ್ಟ ಇಳಿಯಿರಿ.

ಎರಡರಲ್ಲೂ ವಾರಗಟ್ಟಲೆ ಕಾಲೂರುವಂತಿಲ್ಲ, ಬೆಸೆಯುವುದರಲ್ಲಿ ಹೆಚ್ಚು ಕಾಲ. ರೊಬಸ್ಟಾ ಕೊಯ್ಲು ಮುಗಿದ ಮಾರ್ಚಿನಲ್ಲಿ ಮಾಡಿಸಿಕೊಂಡರೆ ಮಳೆ ಹಿಡಿಯುವ ಹೊತ್ತಿಗೆ ಪ್ಲಾಸ್ಟರ್ ತೆಗೆದಿರುತ್ತದೆ. ಜೂನ್‌ನಲ್ಲಿ ಮಾಡಿಸಿದರೆ ಪಾಚಿಗಟ್ಟಿದ ಅಂಗಳದಲ್ಲಿ ಊರುಗೋಲು ಹಿಡಿದು ಬಚ್ಚಲಿಗೆ ಹೋಗಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೇ ಹೋಗುವುದು ಹೆಚ್ಚು. ತಾರೀಕು ಗೊತ್ತುಮಾಡುವ ಮುಂಚೆಯೇ ಅದನ್ನು ನಿಲ್ಲಿಸಿರಬೇಕು.